ಬೆವರಿಗೆ ಕೂಲಿ ಎಷ್ಟು?

ಜಿಮ್‌ನಲ್ಲಿ ನನಗೆ ಆಗಾಗ ಎದುರಾಗೋ ಪ್ರಶ್ನೆ ಇದು: "ತೂಕ ಇಳಿಸ್ತಾ ಇದೀನಿ. ವರ್ಕೌಟ್ ಆದ್ಮೇಲೆ ಕಾರ್ಬ್ ಪುಡಿ ಕುಡೀಬಹುದಾ?" ಪ್ರೋಟೀನ್ ಡಬ್ಬದ ಪಕ್ಕದಲ್ಲೇ ಇರುತ್ತಲ್ಲ, ಆ ಇನ್ನೊಂದು ಡಬ್ಬ. ಒಳಗಿರೋದು ಹೆಚ್ಚಾಗಿ ಮಾಲ್ಟೋಡೆಕ್ಸ್‌ಟ್ರಿನ್, ಅಂದ್ರೆ ಮೆಕ್ಕೆಜೋಳದಂಥ ಧಾನ್ಯಗಳ ಪಿಷ್ಟವನ್ನು ಒಡೆದು ಮಾಡಿದ, ಬಹಳ ಬೇಗ ಜೀರ್ಣವಾಗುವ ಪುಡಿ. ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ ಅನ್ಸುತ್ತೆ. ಒಂದು ಲೆಕ್ಕದ್ದು, ಇನ್ನೊಂದು ನ್ಯಾಯದ್ದು.

ಲೆಕ್ಕದ್ದು ಸುಲಭ. ನಾವು ತಿಂದ ಅನ್ನ, ಸಕ್ಕರೆಯ ಒಂದು ಪಾಲು ಸ್ನಾಯುಗಳಲ್ಲಿ ಗ್ಲೈಕೊಜೆನ್ ಆಗಿ ಕೂತಿರುತ್ತೆ. ವ್ಯಾಯಾಮ ಮಾಡಿದಾಗ ಅದು ಖರ್ಚಾಗುತ್ತೆ. 1966ರಲ್ಲಿ ಬರ್ಗ್‌ಸ್ಟ್ರಾಮ್ ಮತ್ತು ಹಲ್ಟ್‌ಮನ್ ಎಂಬ ಇಬ್ಬರು ಸ್ವೀಡನ್ ವಿಜ್ಞಾನಿಗಳು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ಒಂದೇ ಸೈಕಲ್‌ನ ಆಚೆಯಿಂದ ಒಬ್ಬರು, ಈಚೆಯಿಂದ ಒಬ್ಬರು ಒಂದೊಂದೇ ಕಾಲಿನಲ್ಲಿ ತುಳಿದರು. ಆಮೇಲೆ ಮೂರು ದಿನ ಕಾರ್ಬೋಹೈಡ್ರೇಟ್ ಊಟ. ತುಳಿದ ಕಾಲಿನಲ್ಲಿ ಗ್ಲೈಕೊಜೆನ್ ಸುಮ್ಮನಿದ್ದ ಕಾಲಿಗಿಂತ ಎಷ್ಟೋ ಹೆಚ್ಚು ತುಂಬಿಕೊಂಡಿತ್ತು. ದುಡಿದ ಕಾಲಿಗೆ ದೊಡ್ಡ ಪಾಲು!

1988ರಲ್ಲಿ ಅಮೆರಿಕದ ಇನ್ನೊಂದು ಅಧ್ಯಯನ ಬಂತು. ಚೆನ್ನಾಗಿ ದಣಿದ ಸೈಕಲ್ ಸವಾರರಿಗೆ ಕಾರ್ಬೋಹೈಡ್ರೇಟ್ ಪಾನೀಯವನ್ನು ಎರಡು ಗಂಟೆ ತಡವಾಗಿ ಕೊಟ್ಟರೆ ಗ್ಲೈಕೊಜೆನ್ ನಿಧಾನವಾಗಿ ತುಂಬುತ್ತೆ ಅಂತ ಅದು ಹೇಳಿತು. "ಅರ್ಧ ಗಂಟೆಯೊಳಗೆ ಕುಡೀಲೇಬೇಕು" ಅನ್ನೋ ನಮ್ಮ ಜಿಮ್ ಮಾತಿಗೆ ಬಲ ಕೊಟ್ಟಿದ್ದು ಇಂಥ ಅಧ್ಯಯನಗಳೇ. ಬೆಳಗ್ಗೆ ಓಡಿ ಮಧ್ಯಾಹ್ನ ಮತ್ತೆ ಓಡಬೇಕಾದವರಿಗೆ ಅದು ನಿಜಕ್ಕೂ ಉಪಯೋಗದ ಮಾತು. ಆದರೆ ನಿಮ್ಮ ಮುಂದಿನ ವರ್ಕೌಟ್ ನಾಳೆ ಬೆಳಗ್ಗೆ ತಾನೆ? ಅಷ್ಟರೊಳಗೆ ಎರಡು ಹೊತ್ತಿನ ಊಟವೇ ಆ ಕೆಲಸ ಮುಗಿಸಿರುತ್ತೆ. 50 ಗ್ರಾಂ ಪುಡಿ ಅಂದ್ರೆ 200 ಕ್ಯಾಲೊರಿ. ಎಪ್ಪತ್ತು ಕೆಜಿ ಇರೋರು ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಖರ್ಚಾಗೋದೂ ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ಮುಗೀತು.

ಆದ್ರೆ ಇಷ್ಟು ಹೇಳಿದ ಮೇಲೂ ಕೇಳಿದವರ ಮುಖದಲ್ಲಿ ಸಮಾಧಾನ ಕಾಣಲ್ಲ. ಯಾಕಂದ್ರೆ ಅವರು ಒಳಗೊಳಗೇ ಕೇಳ್ತಿರೋದು ಬೇರೆ: "ಇಷ್ಟೊಂದು ಬೆವರು ಸುರಿಸಿದೀನಲ್ಲ, ನನಗೆ ಏನೂ ಸಲ್ಲೋದಿಲ್ವಾ?"

ನನ್ನ ಸ್ನೇಹಿತನೊಬ್ಬ ಮನೆಯಲ್ಲಿ ಅನ್ನ ಬಿಟ್ಟು ಆರು ತಿಂಗಳಾಗಿತ್ತು. ಪುಡಿ ಕಲಸ್ತಾ ನಿಂತಿದ್ದಾಗ ಅವರಮ್ಮ ಕೇಳಿದರಂತೆ, "ಏನೋ ಅದು?"

"ಕಾರ್ಬ್ಸ್ ಅಮ್ಮ."

"ಹಂಗಂದ್ರೆ?"

"ಅನ್ನದಲ್ಲಿ ಇರುತ್ತಲ್ಲ, ಅದೇ."

"ಮತ್ತೆ ಅನ್ನ ಮಾಡಿದೀನಲ್ಲೋ, ಅದನ್ನೇ ತಿನ್ನು."

ಅವನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ಬಡಿಸೋ ಅನ್ನ ಅವನಿಗೆ ತಪ್ಪು, ಅದೇ ಪಿಷ್ಟ ಪುಡಿಯಾಗಿ ಬಂದರೆ ಹಕ್ಕು. ಅನ್ನ ಕೇಳದೆಯೇ ತಟ್ಟೆಗೆ ಬರುತ್ತೆ, ಪುಡಿಯನ್ನು ಅವನು ಸಂಪಾದಿಸಿದ್ದಾನೆ. ಡಬ್ಬದಲ್ಲಿ ಮಾರೋದು ಪಿಷ್ಟದ ಜೊತೆಗೆ ಒಂದು ಅನುಮತಿಯನ್ನೂ.

ಇದರಲ್ಲಿ ತಪ್ಪೇನು ಅಂತ ನೀವು ಕೇಳಬಹುದು. "ಆ ಒಂದು ಲೋಟದ ಆಸೆಗೇ ನಾನು ಬೆಳಗ್ಗೆ ಆರಕ್ಕೆ ಏಳೋದು" ಅಂತ ಒಬ್ಬರು ನನಗೆ ನೇರವಾಗಿ ಹೇಳಿದ್ರು. ಈ ವಾದ ಸುಳ್ಳಲ್ಲ. ಆಸೆಯಿಂದ ಕುಡಿಯೋದನ್ನ ಆಸೆ ಅಂತಲೇ ಕರೆದು, ಆ 200 ಕ್ಯಾಲೊರಿಯನ್ನ ದಿನದ ಲೆಕ್ಕಕ್ಕೆ ಸೇರಿಸಿಕೊಂಡರೆ ಯಾರ ತಕರಾರೂ ಇಲ್ಲ.

ನನಗೆ ಭಯ ಆಗೋದು ಈ ಕೂಲಿ ಲೆಕ್ಕದ ಇನ್ನೊಂದು ತುದಿ ನೋಡಿದಾಗ. ಊಟ ಬೆವರಿಗೆ ಸಿಗೋ ಕೂಲಿ ಅಂತಾದ್ರೆ, ಬೆವರದ ದಿನ ಏನು? ಜ್ವರ ಬಂದ ದಿನ, ರಿಲೀಸ್ ಇದ್ದು ರಾತ್ರಿ ಹನ್ನೊಂದರವರೆಗೂ ಆಫೀಸಿನಲ್ಲೇ ಉಳಿದ ದಿನ, ಸುಮ್ಮನೆ ಮನಸ್ಸಿಲ್ಲದ ದಿನ? ಆ ದಿನಗಳಲ್ಲಿ ತಿಂದ ಪ್ರತಿ ತುತ್ತೂ ಸಾಲ. ಸಾಲ ತೀರಿಸೋಕೆ ನಾಳೆ ಟ್ರೆಡ್‌ಮಿಲ್ ಮೇಲೆ ದಂಡ ಕಟ್ಟಬೇಕು. ಹೀಗೆ ಬದುಕೋ ಗೆಳೆಯ ಗೆಳತಿಯರನ್ನು ನಾನು ನೋಡಿದೀನಿ. ಹಬ್ಬದ ದಿನ ಒಂದು ಹೋಳಿಗೆ ತಿಂದು, ಎಲೆ ಎತ್ತೋ ಮುಂಚೆಯೇ ಫೋನ್ ತೆಗೆದು ಹೆಜ್ಜೆ ಎಣಿಸ್ತಾರೆ. ಪಕ್ಕದಲ್ಲೇ ಕೂತ ಅಜ್ಜಿಗೆ, ಎಷ್ಟೋ ವರ್ಷದಿಂದ ಮೆಟ್ಟಿಲು ಹತ್ತದ ಅಜ್ಜಿಗೆ, ಈ ನಿಯಮ ಹಾಕ್ತೀವಾ? ಹಾಕಲ್ಲ. ಇನ್ನೊಬ್ಬರ ವಿಷಯದಲ್ಲಿ ಊಟ ಕೂಲಿಯಲ್ಲ ಅಂತ ನಮಗೆ ಚೆನ್ನಾಗಿ ಗೊತ್ತು.

"ದುಡಿದು ತಿನ್ನು ಅಂತ ಕಾಯಕದ ನಾಡೇ ಹೇಳುತ್ತಲ್ಲ" ಅನ್ನಬಹುದು ನೀವು. ಹಾಗಿದ್ರೆ ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆಯನ್ನೇ ನೋಡೋಣ. ನೆಲದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅದೂ ಬೆನ್ನು ಬಗ್ಗಿಸಿ ಆಯ್ದದ್ದೇ. ಆದರೂ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ತೆಗೆದುಕೊಂಡು ಹೋಗಿ ಅಲ್ಲೇ ಸುರಿದು ಬಾ ಅಂದಳು. ನೀನು ಇದಕ್ಕೆ ಎಷ್ಟು ಬೆವರು ಸುರಿಸಿದೆ ಅಂತ ಅವಳು ಕೇಳಲಿಲ್ಲ. ನಮಗೆ ಇವತ್ತು ಎಷ್ಟು ಬೇಕು ಅನ್ನೋದಷ್ಟೇ ಅವಳ ಪ್ರಶ್ನೆ.

ತೂಕ ಇಳಿಸೋರಿಗೂ ಆ ಪ್ರಶ್ನೆ ಸಾಕು ಅನ್ಸುತ್ತೆ. ಹಸಿವಾಗಿದ್ರೆ ಒಂದು ಬಾಳೆಹಣ್ಣು, ಊಟದ ಹೊತ್ತಾಗಿದ್ರೆ ಅಳತೆಯ ಅನ್ನ ಸಾರು. ವರ್ಕೌಟ್ ಮಾಡಿದ ದಿನವೂ ಅಷ್ಟೇ, ಮಾಡದ ದಿನವೂ ಅಷ್ಟೇ. ಊಟಕ್ಕೆ ಕೂರೋವಾಗ ಹಾಜರಿ ಪುಸ್ತಕ ಯಾಕೆ ಬೇಕು?