ಹಿಂದುಳಿದವನಿಗೆ ಸಲ್ಲಬೇಕಾದ ಋಣ

ವಿಶಾಖಪಟ್ಟಣದ ಕಡಲ ದಂಡೆಯ ರಸ್ತೆಯಲ್ಲಿ ಭೀಮುನಿಪಟ್ಟಣದ ಕಡೆಗೆ ಮುಂಜಾನೆ ಗುಂಪಾಗಿ ಸೈಕಲ್ ತುಳಿಯುವವರ ಜೊತೆ ಹೊಸಬನೊಬ್ಬ ಸೇರಿದರೆ, ಉಳಿದವರು ಅವನಿಗಾಗಿ ಕಾಯಬೇಕೆ? ಕಾಯುವುದು ದಯೆಯೆಂದು ಹಲವರ ಎಣಿಕೆ. ನಮಗದು ಋಣವೆನಿಸುತ್ತದೆ.

ವೇಗ ಏರಿದಂತೆ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಮುಂದಿನವನ ಬೆನ್ನ ಮರೆಯಲ್ಲಿ ಸಾಗುವವನಿಗೆ ಆ ಶ್ರಮ ಕಡಿಮೆ. ಇಂದಿನ ಮುಂದಾಳುಗಳೂ ಒಂದು ಕಾಲಕ್ಕೆ ಹಾಗೆ ಬಂದವರೇ. ಆ ಸಾಲವನ್ನು ಹಿಂದೆ ಬರುವವನಿಗೆ ತೀರಿಸಬೇಕು.

ಹೊಸಬನಿಗೂ ಕರ್ತವ್ಯವುಂಟು: ಅಡ್ಡಾದಿಡ್ಡಿ ಸರಿಯಬಾರದು, ಹಠಾತ್ತನೆ ಬ್ರೇಕ್ ಹಾಕಬಾರದು, ಗುಂಡಿ ಕಂಡರೆ ಹಿಂದಿನವರಿಗೆ ಕೈಸನ್ನೆ ಮಾಡಬೇಕು. ವೇಗದ ಸವಾರಿಯೆಂದು ಮೊದಲೇ ಸಾರಿದ್ದರೆ ಅದಕ್ಕೆ ಹೋಗದಿರುವುದೂ ಕರ್ತವ್ಯವೇ.

200 ಕಿಲೋಮೀಟರಿನ ಬ್ರೆವೆ ಸವಾರಿಗೆ ಅವಧಿ 13½ ಗಂಟೆ. ಅಷ್ಟರೊಳಗೆ ಮುಗಿಸಿದವರಿಗೆಲ್ಲ ಒಂದೇ ಮನ್ನಣೆ. ಮೊದಲ ಸ್ಥಾನವೆಂಬುದೇ ಇಲ್ಲ. ಹೊರಟವರೆಲ್ಲ ಕ್ಷೇಮವಾಗಿ ಮರಳುವಂತೆ ನೋಡಿಕೊಳ್ಳುವುದೇ ಗುಂಪಿನ ಧರ್ಮವೆಂಬುದು ನಮ್ಮ ಅಭಿಪ್ರಾಯ.