ಹುಲಿಗೆ ನಾಚಿಕೆ ಇಲ್ಲದಿದ್ದರೆ

ನಮ್ಮ ಟೀಮಿನಲ್ಲಿ ಫಿನ್‌ಲ್ಯಾಂಡಿನವನೊಬ್ಬ ಇದ್ದಾನೆ. ಹೆಲ್ಸಿಂಕಿಯಿಂದ ಕೆಲಸ ಮಾಡ್ತಾನೆ. 2025ರ ಏಪ್ರಿಲ್‌ನಲ್ಲಿ ಅವನಿಗೊಂದು ಮೇಲ್ ಹಾಕಿದರೆ ಆಟೋ ರಿಪ್ಲೈ ಬಂತು: ಮೀಸಲು ಪಡೆಯ ತರಬೇತಿಗೆ ಹೋಗಿದ್ದೇನೆ, ಸೋಮವಾರ ಸಿಗುತ್ತೇನೆ. ನಮ್ಮಲ್ಲಿ ಜನ ಮದುವೆಗೆ ರಜೆ ಹಾಕ್ತಾರೆ, ಗೃಹಪ್ರವೇಶಕ್ಕೆ ಹಾಕ್ತಾರೆ, ಶಬರಿಮಲೆಗೆ ಹಾಕ್ತಾರೆ. ಯುದ್ಧದ ತಾಲೀಮಿಗೆ ರಜೆ ಹಾಕಿದವನನ್ನು ನಾನು ನೋಡಿದ್ದು ಅದೇ ಮೊದಲು. ಅವನಿಗೆ ಅದು ಕಾರು ಸರ್ವೀಸಿಗೆ ಬಿಟ್ಟಷ್ಟೇ ಮಾಮೂಲಿ. ಐವತ್ತಾರು ಲಕ್ಷ ಜನರ ದೇಶ ಅದು. ಗಂಡಸರಿಗೆಲ್ಲ ಸೈನಿಕ ಸೇವೆ ಕಡ್ಡಾಯ. ಯುದ್ಧ ಬಂದರೆ ಸುಮಾರು 2.8 ಲಕ್ಷ ಜನರನ್ನು ಸಮವಸ್ತ್ರದಲ್ಲಿ ನಿಲ್ಲಿಸುವ ಲೆಕ್ಕ ಇಟ್ಟುಕೊಂಡಿದೆ.

ಅದೇ ತಿಂಗಳ ಮೊದಲ ದಿನ ಅವರ ಸರ್ಕಾರ ಒಂದು ಘೋಷಣೆ ಮಾಡಿತ್ತು. ನೆಲಬಾಂಬ್ ನಿಷೇಧಿಸುವ ಒಟ್ಟಾವಾ ಒಪ್ಪಂದದಿಂದ ಹೊರಬರುತ್ತೇವೆ ಅಂತ. ಅದಕ್ಕೂ ಎರಡು ವಾರ ಮೊದಲು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಪೋಲೆಂಡ್ ದೇಶಗಳ ರಕ್ಷಣಾ ಮಂತ್ರಿಗಳು ಸೇರಿ ಅದೇ ಮಾತು ಹೇಳಿದ್ದರು. ಐದಕ್ಕೆ ಐದೂ ರಷ್ಯಾದ ಗಡಿಗೆ ಅಂಟಿಕೊಂಡಿರುವ ದೇಶಗಳು.

ನಾನು ಈ ಸುದ್ದಿ ಓದಿದಾಗ ಬೇಜಾರಾಯ್ತು, ಸ್ವಲ್ಪ ಸಿಟ್ಟೂ ಬಂತು. ಮಾನವ ಹಕ್ಕು, ಶಾಂತಿ, ಸಂತೋಷದ ಸೂಚ್ಯಂಕ ಎಲ್ಲದರಲ್ಲೂ ಮೊದಲ ಬೆಂಚಿನಲ್ಲಿ ಕೂರುವ ದೇಶವೇ ಹೀಗೆ ಮಾಡಿದರೆ? ಸೋಮವಾರ ಕಾಲ್ ಮುಗಿದ ಮೇಲೆ ಅವನನ್ನು ಕೇಳಿಯೂ ಬಿಟ್ಟೆ. ಅವನು ಜಗಳ ಆಡಲಿಲ್ಲ. ಒಂದೇ ಪ್ರಶ್ನೆ ಕೇಳಿದ. "ನಿಮ್ಮ ದೇಶ ಸಹಿ ಹಾಕಿದೆಯಾ?"

ಹಾಕಿಲ್ಲ. ಅಮೆರಿಕ ಹಾಕಿಲ್ಲ, ರಷ್ಯಾ ಹಾಕಿಲ್ಲ, ಚೀನಾ ಹಾಕಿಲ್ಲ, ಪಾಕಿಸ್ತಾನ ಹಾಕಿಲ್ಲ, ನಾವೂ ಹಾಕಿಲ್ಲ. ಪ್ರತಿ ವರ್ಷ ವಿಶ್ವಸಂಸ್ಥೆಯಲ್ಲಿ ಈ ಒಪ್ಪಂದದ ಪರವಾದ ನಿರ್ಣಯ ಬಂದಾಗ ಭಾರತ ತಟಸ್ಥವಾಗಿ ಉಳಿಯುತ್ತೆ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಆಪರೇಷನ್ ಪರಾಕ್ರಮ್ ನಡೀತಲ್ಲ, ಆಗ ಪಂಜಾಬ್, ರಾಜಸ್ಥಾನ, ಜಮ್ಮು ಗಡಿಯುದ್ದಕ್ಕೂ ಬೆಳೆ ಬೆಳೆಯುವ ಹೊಲಗಳಲ್ಲೇ ನಮ್ಮ ಸೇನೆ ನೆಲಬಾಂಬ್ ಹೂತಿತ್ತು. ಯುದ್ಧ ಆಗಲೇ ಇಲ್ಲ. ಆದರೆ ತೆಗೆಯುವಾಗ ಸೈನಿಕರು ಸತ್ತರು, ಕಾಲು ಕಳೆದುಕೊಂಡರು. ಹೊಲಕ್ಕೆ ಮರಳಿದ ರೈತರು, ಮೇಯಲು ಹೋದ ದನಗಳು ಕೂಡ. ಬೆಂಗಳೂರಿನಲ್ಲಿ ಬೆಳೆದ ನನಗೆ ಇದು ಗೊತ್ತಾಗಿದ್ದೇ ಅವನ ಪ್ರಶ್ನೆಯ ಮಾರನೇ ದಿನ, ಹುಡುಕಿ ಓದಿದ ಮೇಲೆ. ಮಾತೇ ಕೊಡದ ಮನೆಯವನು ಮಾತಿಗೆ ತಪ್ಪಿದವನಿಗೆ ಬುದ್ಧಿ ಹೇಳಲು ಹೋಗಿದ್ದೆ.

ಆದರೂ ಪ್ರಶ್ನೆ ಬಿಡಲಿಲ್ಲ. ಶಾಂತಿಯ ಕಾಲದಲ್ಲಿ ಕೊಟ್ಟ ಮಾತು ಭಯದ ಕಾಲದಲ್ಲೂ ನಮ್ಮನ್ನು ಕಟ್ಟಿಹಾಕುತ್ತಾ?

ಈ ಒಪ್ಪಂದ ಹುಟ್ಟಿದ ರೀತಿ ಸ್ವಲ್ಪ ಹೇಳಬೇಕು, ಯಾಕಂದ್ರೆ ಅದು ದೊಡ್ಡಣ್ಣಂದಿರು ಮಾಡಿದ ಒಪ್ಪಂದ ಅಲ್ಲ. ಜಿನೀವಾದಲ್ಲಿ ನಿಶ್ಶಸ್ತ್ರೀಕರಣದ ಮಾತುಕತೆ ಎಲ್ಲರೂ ಒಪ್ಪಿದರೆ ಮಾತ್ರ ಮುಂದೆ ಹೋಗುತ್ತೆ. ಒಬ್ಬರು ಬೇಡ ಅಂದರೂ ಮುಗೀತು. 1996ರ ಅಕ್ಟೋಬರ್‌ನಲ್ಲಿ ಕೆನಡಾದ ವಿದೇಶಾಂಗ ಮಂತ್ರಿ ಲಾಯ್ಡ್ ಆಕ್ಸ್‌ವರ್ದಿ ಒಟ್ಟಾವಾದಲ್ಲಿ ನಡೆದ ಸಭೆಯ ಕೊನೆಗೆ ಎದ್ದು ನಿಂತು, ಇನ್ನೊಂದು ವರ್ಷದೊಳಗೆ ಇಲ್ಲಿಗೇ ಬನ್ನಿ, ಸಹಿ ಹಾಕೋಣ ಅಂದುಬಿಟ್ಟರು. ದೊಡ್ಡ ದೇಶಗಳನ್ನು ಒಪ್ಪಿಸಿಕೊಂಡು ಹೇಳಿದ್ದಲ್ಲ. ಆಸ್ಟ್ರಿಯಾ ಕರಡು ಬರೆಯಿತು, ನಾರ್ವೆ ಓಸ್ಲೋದಲ್ಲಿ ಮಾತುಕತೆ ಇಟ್ಟುಕೊಂಡಿತು, ದಕ್ಷಿಣ ಆಫ್ರಿಕಾ, ಬೆಲ್ಜಿಯಂ ಹೆಗಲು ಕೊಟ್ಟವು. ಜೋಡಿ ವಿಲಿಯಮ್ಸ್ ಮತ್ತು ಅವರು ಕಟ್ಟಿದ ಅಂತರರಾಷ್ಟ್ರೀಯ ಆಂದೋಲನ ಬೀದಿಯಿಂದ ಒತ್ತಿತು; ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಅವರಿಗೇ ಹೋಯಿತು. 1997ರ ಡಿಸೆಂಬರ್‌ನಲ್ಲಿ 122 ದೇಶಗಳು ಸಹಿ ಹಾಕಿದವು. ತೀರಾ ಬಲಿಷ್ಠವೂ ಅಲ್ಲದ, ತೀರಾ ದುರ್ಬಲವೂ ಅಲ್ಲದ ದೇಶಗಳು, ರಾಜತಾಂತ್ರಿಕರ ಭಾಷೆಯಲ್ಲಿ ಮಧ್ಯಮ ಶಕ್ತಿಗಳು, ತಾವಾಗಿಯೇ ಕಟ್ಟಿಕೊಂಡ ಮನೆ ಇದು.

ಅವರು ಇದನ್ನು ಬರೀ ಕರುಣೆಯಿಂದ ಕಟ್ಟಿದರು ಅಂತ ನನಗೆ ಅನ್ನಿಸಲ್ಲ. ದೊಡ್ಡ ದೇಶಕ್ಕೆ ಕಾನೂನು ಇರಲಿ ಬಿಡಲಿ, ತೋಳಿದೆ. ತೀರಾ ಸಣ್ಣ ದೇಶ ಯಾರದ್ದಾದರೂ ನೆರಳಲ್ಲಿ ಬದುಕಿಕೊಳ್ಳುತ್ತೆ. ಮಧ್ಯದವನಿಗೆ ಮಾತ್ರ ನಿಯಮ ಬೇಕೇ ಬೇಕು. ಅಪಾರ್ಟ್‌ಮೆಂಟಿನಲ್ಲಿ ನೋಡಿ, ಪಾರ್ಕಿಂಗ್ ನಿಯಮದ ಬಗ್ಗೆ ತಲೆ ಕೆಡಿಸಿಕೊಳ್ಳೋದು ಬಿಲ್ಡರ್ ಅಲ್ಲ, ಬಾಡಿಗೆಗೆ ಇರುವ ಬ್ಯಾಚುಲರ್ ಹುಡುಗರೂ ಅಲ್ಲ. ಒಂದೇ ಒಂದು ಸ್ಲಾಟ್ ಕೊಂಡುಕೊಂಡಿರುವವನು.

ನೆಲಬಾಂಬನ್ನೇ ಯಾಕೆ ಆರಿಸಿಕೊಂಡರು? ಬಂದೂಕಿನ ಹಿಂದೆ ಒಬ್ಬ ಮನುಷ್ಯ ಇರ್ತಾನೆ. ಅವನಿಗೆ ಕದನವಿರಾಮ ಆಯ್ತು ಅಂತ ಹೇಳಬಹುದು. ನೆಲಬಾಂಬಿಗೆ ಹೇಳೋಕಾಗಲ್ಲ. ಮೇಲೆ ಬಿದ್ದ ಭಾರ ಸೈನಿಕನದ್ದೋ, ಸೌದೆ ತರಲು ಹೋದ ಹೆಂಗಸಿನದ್ದೋ ಅದಕ್ಕೆ ಗೊತ್ತಾಗಲ್ಲ. ಜಗತ್ತಿನಲ್ಲಿ ಇವುಗಳಿಗೆ ಬಲಿಯಾಗುವವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ನಾಗರಿಕರು, ಅವರಲ್ಲಿ ಬಹಳಷ್ಟು ಮಕ್ಕಳು. ಟ್ಯಾಂಕ್ ತಡೆಯುವ ಬಾಂಬನ್ನು ಈ ಒಪ್ಪಂದ ಮುಟ್ಟುವುದಿಲ್ಲ. ಮನುಷ್ಯನ ಕಾಲಿಗೆ ಸಿಡಿಯುವುದನ್ನು ಮಾತ್ರ ಬೇಡ ಅನ್ನುತ್ತೆ.

ಇನ್ನು ನನ್ನ ಸಹೋದ್ಯೋಗಿಯ ಕಡೆಯ ವಾದ. ಅವನ ಅಜ್ಜಿ ಕರೇಲಿಯದವಳು. 1939ರ ನವೆಂಬರ್ 30ರಂದು ಸೋವಿಯತ್ ಸೇನೆ ಫಿನ್‌ಲ್ಯಾಂಡಿನ ಮೇಲೆ ಬಿತ್ತು. ಆಗಿನ ರಾಷ್ಟ್ರ ಸಂಘ, ಅಂದರೆ ವಿಶ್ವಸಂಸ್ಥೆಯ ಹಿಂದಿನ ಅವತಾರ, ಎರಡು ವಾರದಲ್ಲಿ ಸೋವಿಯತ್ ಒಕ್ಕೂಟವನ್ನು ಸದಸ್ಯತ್ವದಿಂದ ತೆಗೆದುಹಾಕಿತು. ನಿಯಮದ ಪ್ರಕಾರ ಆಗಬೇಕಾದ್ದು ಆಯ್ತು. ಆದರೆ ಅದರಿಂದ ಒಂದು ಟ್ಯಾಂಕೂ ನಿಲ್ಲಲಿಲ್ಲ. ಫಿನ್‌ಲ್ಯಾಂಡ್ ತನ್ನ ನೆಲದ ಹತ್ತರಲ್ಲೊಂದು ಭಾಗ ಕಳೆದುಕೊಂಡಿತು, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟು ಬಂದರು. ಅಜ್ಜಿ ಅವರಲ್ಲಿ ಒಬ್ಬಳು. "ಕಾನೂನು ನಮ್ಮ ಪರ ತೀರ್ಪು ಕೊಟ್ಟಿತು, ಮನೆ ಮಾತ್ರ ವಾಪಸ್ ಕೊಡಲಿಲ್ಲ" ಅಂತ ಅವನು ಹೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಈ ಒಪ್ಪಂದಕ್ಕೆ ಸೇರಿದ್ದೇ ತಡವಾಗಿ, 2012ರಲ್ಲಿ. 2015ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಬಾಂಬುಗಳನ್ನು ನಾಶ ಮಾಡಿದರು. ಆಮೇಲೆ 2022 ಬಂತು. ಒಪ್ಪಂದಕ್ಕೆ ಸೇರದ ರಷ್ಯಾ ಉಕ್ರೇನಿನ ಹೊಲಗಳಲ್ಲಿ ಎಗ್ಗಿಲ್ಲದೆ ಹೂತಿತು, 2023ರಲ್ಲಿ ಉಕ್ರೇನಿನ ಪ್ರತಿದಾಳಿ ಆ ಬಾಂಬಿನ ಪಟ್ಟಿಗಳಲ್ಲೇ ಸಿಕ್ಕಿಕೊಂಡಿತು. 1,340 ಕಿಲೋಮೀಟರ್ ಗಡಿಯನ್ನು ಅಷ್ಟು ಕಡಿಮೆ ಜನರಿಂದ ಕಾಯಬೇಕಾದ ದೇಶಕ್ಕೆ ಇದರಿಂದ ಯಾವ ಪಾಠ ಸಿಕ್ಕಿರಬೇಕು ಅಂತ ಊಹಿಸೋದು ಕಷ್ಟ ಅಲ್ಲ. ಒಂದು ತಮಾಷೆ ಅಂದರೆ, ಒಪ್ಪಂದಕ್ಕೆ ಸೇರುವ ತಯಾರಿ ನಡೆದ ವರ್ಷಗಳಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ ಅಲೆಕ್ಸಾಂಡರ್ ಸ್ಟಬ್ ಅವರೇ ಹೊರಬರುವಾಗ ರಾಷ್ಟ್ರಾಧ್ಯಕ್ಷರು. ತಮ್ಮ ನೀತಿಗೆ ಅವರು ಇಟ್ಟಿರುವ ಹೆಸರು ಮೌಲ್ಯಾಧಾರಿತ ವಾಸ್ತವವಾದ. ನಮ್ಮ ಕಂಪನಿಯ ಗೋಡೆ ಮೇಲೂ ಇಂಥ ಪದಗಳಿವೆ, ಹಾಗಾಗಿ ನನಗೆ ಸ್ವಲ್ಪ ಅನುಮಾನ.

ಒಂದು ವಿಷಯ ಮಾತ್ರ ಒಪ್ಪಬೇಕು. ಅವರು ಕದ್ದುಮುಚ್ಚಿ ಮಾಡಲಿಲ್ಲ. ಹೊರಹೋಗುವ ದಾರಿ ಒಪ್ಪಂದದಲ್ಲೇ ಇದೆ: ಕಾರಣ ಬರೆದುಕೊಟ್ಟು ಆರು ತಿಂಗಳು ಕಾಯಬೇಕು. ನೋಟಿಸ್ ಪೀರಿಯಡ್ ಅಂತಲೇ ಇಟ್ಕೊಳ್ಳಿ. 2025ರ ಜೂನ್ 19ರಂದು ಅವರ ಸಂಸತ್ತು ಮತ ಹಾಕಿತು, ಪರ 157, ವಿರುದ್ಧ 18. 2026ರ ಜನವರಿ 10ಕ್ಕೆ ನೋಟಿಸ್ ಮುಗೀತು.

ಆದರೆ ಆ ನೋಟಿಸಿಗೆ ಒಂದು ಷರತ್ತಿದೆ, ನನ್ನನ್ನು ಹೆಚ್ಚು ಕಾಡಿದ್ದು ಅದೇ. ನೋಟಿಸ್ ಕೊಟ್ಟ ದೇಶ ಆ ಆರು ತಿಂಗಳು ಮುಗಿಯುವ ಹೊತ್ತಿಗೆ ಯುದ್ಧದಲ್ಲಿದ್ದರೆ, ಯುದ್ಧ ಮುಗಿಯುವವರೆಗೂ ಅದು ಲೆಕ್ಕಕ್ಕಿಲ್ಲ. 2025ರ ಜೂನ್ ಕೊನೆಯಲ್ಲಿ ಉಕ್ರೇನಿನ ಅಧ್ಯಕ್ಷ ಜೆಲೆನ್ಸ್ಕಿ ಕೂಡ ಹೊರಬರುವ ಆದೇಶಕ್ಕೆ ಸಹಿ ಹಾಕಿದರು. ಆದರೆ ಒಪ್ಪಂದದ ಪ್ರಕಾರ ಅವರಿಗೆ ಬಾಗಿಲು ಮುಚ್ಚಿದೆ. ಮನೆಗೆ ಬೆಂಕಿ ಬಿದ್ದವನು ಹೊರಹೋಗುವಂತಿಲ್ಲ, ಪಕ್ಕದ ಮನೆಯವನು ಹೋಗಬಹುದು! ಮೊದಲ ಓದಿಗೆ ಇದು ಕ್ರೂರ ಅನ್ನಿಸಿತು. ಆಮೇಲೆ ಅರ್ಥವಾಯ್ತು, ಬರೆದವರು ದಡ್ಡರಲ್ಲ. ಮಾತು ಪರೀಕ್ಷೆಗೆ ಬರೋದು ಬೆಂಕಿ ಬಿದ್ದಾಗಲೇ, ಆವತ್ತೇ ಬಿಟ್ಟು ಹೋಗಬಹುದು ಅಂತಾದರೆ ಮಾತು ಕೊಡೋದೇ ಬೇಡ ಅಂತ ಅವರಿಗೆ ಗೊತ್ತಿತ್ತು. ಫಿನ್ನರಿಗೂ ಗೊತ್ತು. "ಅದಕ್ಕೇ ಈಗಲೇ ಬಿಡ್ತಿದೀವಿ" ಅಂದ ನಮ್ಮವನು.

ಮಾತು ಅಂದ ತಕ್ಷಣ ನಮಗೆ ನೆನಪಾಗೋದು ಪುಣ್ಯಕೋಟಿ. ಶಾಲೆಯಲ್ಲಿ ಹಾಡಿ ಅತ್ತವರಲ್ಲಿ ನಾನೂ ಒಬ್ಬ. ಹಸು ಕರುವಿಗೆ ಹಾಲು ಕೊಟ್ಟು ಬರ್ತೀನಿ ಅಂತ ಹೇಳಿ ಹೋಗುತ್ತೆ, ಹೇಳಿದ ಹಾಗೇ ವಾಪಸ್ ಬರುತ್ತೆ. ಹುಲಿ ತಿನ್ನಲಾರದೆ ತಾನೇ ಪ್ರಾಣ ಬಿಡುತ್ತೆ. ದೊಡ್ಡವನಾದ ಮೇಲೆ ನನಗೆ ಅನ್ನಿಸಿದ್ದು, ಇಡೀ ಕತೆ ನಿಂತಿರೋದು ಹಸುವಿನ ಸತ್ಯದ ಮೇಲಲ್ಲ, ಹುಲಿಯ ನಾಚಿಕೆಯ ಮೇಲೆ. ಹುಲಿಗೆ ನಾಚಿಕೆ ಇಲ್ಲದಿದ್ದರೆ ಪುಣ್ಯಕೋಟಿ ಬರೀ ಒಂದು ಊಟ. ಫಿನ್‌ಲ್ಯಾಂಡಿನ 157 ಜನ ಸದಸ್ಯರು ಹೇಳಿದ್ದು ಇಷ್ಟೇ: ನಮ್ಮ ಪಕ್ಕದ ಹುಲಿಗೆ ನಾಚಿಕೆ ಇಲ್ಲ.

ಇದಕ್ಕೆ ನನ್ನ ಮೊದಲ ತಕರಾರು, ಈ ಮಾತು ಕೊಟ್ಟಿದ್ದು ಹುಲಿಗಲ್ಲ. ರಷ್ಯಾ ಆ ಒಪ್ಪಂದದಲ್ಲಿ ಯಾವತ್ತೂ ಇರಲೇ ಇಲ್ಲ. 2012ರಲ್ಲೂ ಇರಲಿಲ್ಲ, ಗಡಿ ಆಗಲೂ ಅಷ್ಟೇ ಉದ್ದ ಇತ್ತು. ಹಾಗಾದರೆ ಮಾತು ಕೊಟ್ಟಿದ್ದು ಯಾರಿಗೆ? ಯುದ್ಧ ಮುಗಿದು ಹತ್ತು ವರ್ಷದ ಮೇಲೆ ಆ ನೆಲದಲ್ಲಿ ನಡೆಯುವ ಮಗುವಿಗೆ. ಆ ಮಗು ಮಾತಿಗೆ ತಪ್ಪಿಲ್ಲ. ಎದುರಾಳಿ ನಿಯಮ ಮುರಿದ ಅನ್ನೋದು ಎದುರಾಳಿಯ ಜೊತೆ ಮಾಡಿಕೊಂಡ ಕರಾರಿಗೆ ಕಾರಣ ಆಗಬಹುದು, ಮೂರನೆಯವರಿಗೆ ಕೊಟ್ಟ ಮಾತಿಗೆ ಹೇಗೆ ಆಗುತ್ತೆ? ಇದು ಫಿನ್ನರಿಗೆ ಗೊತ್ತಿಲ್ಲದ ವಿಷಯವೂ ಅಲ್ಲ. 1944-45ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಅವರ ಲ್ಯಾಪ್‌ಲ್ಯಾಂಡಿನ ತುಂಬಾ ಬಾಂಬ್ ಹೂತು ಹೋಗಿತ್ತು. ಯುದ್ಧ ಮುಗಿದ ಮೇಲೂ ಜನ ಸಾಯುತ್ತಲೇ ಇದ್ದರು.

ಅವನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದ್ದು: ಆ ಮಗು ನಮ್ಮದೇ ಆಗಿರುತ್ತೆ. ನಮ್ಮ ನೆಲದಲ್ಲಿ, ನಾವೇ ನಕ್ಷೆ ಬರೆದು ಹೂಳ್ತೀವಿ, ನಾವೇ ತೆಗೀತೀವಿ. ಈಗಂತೂ ಹೂಳಲ್ಲ, ಗೋದಾಮಿನಲ್ಲಿ ಇರುತ್ತೆ. ನಕ್ಷೆ ನಮ್ಮ ಸೇನೆಯ ಹತ್ತಿರವೂ ಇದ್ದಿರಬೇಕು ಅಂತ ನನಗೆ ಪಂಜಾಬಿನ ಹೊಲಗಳು ನೆನಪಾದವು, ಹೇಳಲಿಲ್ಲ.

ಎರಡನೇ ತಕರಾರು ಇನ್ನೂ ಇದೆ. ಹುಲಿಗಳಿಗೆ ನಾಚಿಕೆ ಹುಟ್ಟಿನಿಂದ ಬರೋದಲ್ಲ, ಕಲಿಸಬೇಕು. ಒಟ್ಟಾವಾ ಒಪ್ಪಂದ ಅಷ್ಟಿಷ್ಟು ಕಲಿಸಿತ್ತು. ಸಹಿ ಹಾಕದ ಅಮೆರಿಕ, ಭಾರತ ಕೂಡ ರಫ್ತು ಮಾಡಲ್ಲ ಅಂತ ಹೇಳಿದ್ದವು. ಬಹಿರಂಗವಾಗಿ ಮಾರಲು, ಬಳಸಿದ್ದೇವೆ ಅಂತ ಹೇಳಿಕೊಳ್ಳಲು ಎಷ್ಟೋ ದೇಶಗಳಿಗೆ ಮುಜುಗರ ಆಗುವ ಹಾಗಾಯ್ತು. ಈ ಮುಜುಗರ ಬಂದಿದ್ದು ಬಂದೂಕಿನಿಂದಲ್ಲ. ಎಷ್ಟೋ ದೇಶಗಳು ಕೈಯಲ್ಲಿದ್ದ ಆಯುಧವನ್ನು ತಾವಾಗಿಯೇ ನಾಶ ಮಾಡಿದವಲ್ಲ, ಅದರಿಂದ. ಮಧ್ಯಮ ದೇಶಗಳು ತಮ್ಮ ಕೈಯಾರೆ ತಯಾರಿಸಿದ ಆಯುಧ ಅಂದರೆ ಇದೊಂದೇ. ರಷ್ಯಾದ ಜೊತೆ 200 ಕಿಲೋಮೀಟರಿನಷ್ಟು ಗಡಿ ಇರುವ ನಾರ್ವೆ ಹೊರಬರಲ್ಲ ಅಂದಿದ್ದು ಈ ಕಾರಣಕ್ಕೇ: ಈ ಕಳಂಕ ಉಳಿಯಬೇಕು ಅಂತ. ಅದರ ಗಡಿ ಚಿಕ್ಕದು, ಹಾಗಾಗಿ ಧೈರ್ಯ ಅಗ್ಗ, ಅಂತ ನಮ್ಮವನು ಮೂಗು ಮುರಿದ. ಅದೂ ನಿಜ ಇರಬಹುದು.

ಐದು ದೇಶಗಳು ಹೋದ ಮೇಲೂ 160ರ ಆಸುಪಾಸು ದೇಶಗಳು ಒಳಗಿವೆ. ಆದರೆ ನಾಳೆ ಆಫ್ರಿಕಾದಲ್ಲೋ ಏಷ್ಯಾದಲ್ಲೋ ಒಂದು ಸರ್ಕಾರ, ನಮಗೂ ಕೆಟ್ಟ ನೆರೆಯವನಿದ್ದಾನೆ, ಫಿನ್‌ಲ್ಯಾಂಡಿಗೆ ಸರಿ ಆದದ್ದು ನಮಗೆ ಯಾಕಲ್ಲ ಅಂತ ಕೇಳಿದರೆ ಹೆಲ್ಸಿಂಕಿ ಏನು ಹೇಳುತ್ತೆ? ಎಲ್ಲರಿಗೂ ಒಬ್ಬೊಬ್ಬ ಕೆಟ್ಟ ನೆರೆಯವನು ಇದ್ದೇ ಇರ್ತಾನೆ. ಅವರು ಎಷ್ಟೇ ಜವಾಬ್ದಾರಿಯಿಂದ ನಕ್ಷೆ ಬರೆದರೂ ಆ ಇನ್ನೊಂದು ದೇಶ ಬರೆಯುತ್ತೆ ಅನ್ನೋಕಾಗಲ್ಲ. ಗಡಿಗೆ ಎಷ್ಟು ಬಲ ಬಂತು ಅನ್ನೋದನ್ನು ಅವರು ಲೆಕ್ಕ ಹಾಕಿದ್ದಾರೆ. ದೂರದ ಇನ್ಯಾರದ್ದೋ ಕಾಲು ಆ ಲೆಕ್ಕದ ಹಾಳೆಯಲ್ಲಿ ಎಲ್ಲೂ ಬಂದ ಹಾಗಿಲ್ಲ.

ನನ್ನ ಕೈಗೆ ಮತ ಕೊಟ್ಟಿದ್ದರೆ ಆ 18 ಜನರ ಜೊತೆ ಹಾಕ್ತಿದ್ದೆ ಅಂತ ಇಂದಿರಾನಗರದಲ್ಲಿ ಕೂತು ಹೇಳೋದು ಸುಲಭ. ಕರೇಲಿಯ ಬಿಟ್ಟು ಬಂದ ಅಜ್ಜಿಯ ಮೊಮ್ಮಗನಾಗಿದ್ದರೆ ಬಹುಶಃ 157ರಲ್ಲೇ ಇರ್ತಿದ್ದೆ. ಆದರೂ ಅದು ತಪ್ಪು ಅಂತ ಈಗಲೂ ಅನ್ನಿಸುತ್ತೆ. ನಾನೂ ಮಾಡಬಹುದಾಗಿದ್ದ ತಪ್ಪು ಅನ್ನೋದರಿಂದ ಅದು ಸರಿ ಆಗಲ್ಲ. ನನ್ನನ್ನು ಹೆಚ್ಚು ಚುಚ್ಚೋದು ಅವರು ಹೊರಟಿದ್ದಲ್ಲ, ಸೇರಿದ್ದೇ ಒಂದು ಭೋಳೆತನ ಆಗಿತ್ತು ಅಂತ ಈಗ ಮಾತಾಡುವ ಧಾಟಿ. ಭಯಕ್ಕೆ ಮಾತು ಬಿಟ್ಟೆ ಅಂತ ಹೇಳುವವನು ಒಂದು ದಿನ ವಾಪಸ್ ಬರಬಹುದು. ಕೊಟ್ಟಿದ್ದೇ ತಪ್ಪು ಅನ್ನುವವನಿಗೆ ವಾಪಸ್ ಬರಲು ದಾರಿ ಎಲ್ಲಿದೆ?

ಅದೇ ವರ್ಷ ಆಗಸ್ಟ್‌ನಲ್ಲಿ ಅವನು ಟೀಮ್ ಚಾಟಿನಲ್ಲಿ ಒಂದು ಫೋಟೋ ಹಾಕಿದ್ದ. ಬಕೆಟ್ ತುಂಬಾ ಕಾಡಿನ ಬ್ಲೂಬೆರಿ. ಫಿನ್‌ಲ್ಯಾಂಡಿನಲ್ಲಿ ಕಾಡು ಯಾರದ್ದೇ ಆಗಿರಲಿ, ಯಾರು ಬೇಕಾದರೂ ನಡೆದು ಹೋಗಬಹುದು, ಹಣ್ಣು ಕಿತ್ತುಕೊಳ್ಳಬಹುದು. ತಲೆತಲಾಂತರದಿಂದ ಬಂದ ಹಕ್ಕಂತೆ. ಗಡಿಯ ಕಡೆಯ ಕಾಡು ಅದು, ಅವನ ಅಪ್ಪನ ಊರು. ಫೋಟೋದ ಮೂಲೆಯಲ್ಲಿ ಅವನ ಮಗಳ ಕೆಂಪು ಗಮ್‌ಬೂಟು ಕಾಣ್ತಿತ್ತು, ಪಾಚಿ ಒಳಗೆ ಅರ್ಧ ಹೂತುಹೋಗಿ.