ಟೋಬಿ ಇರುವ ಫೋಟೋ

ಧಮ್ಮ ಬಂಧುಗಳಿಗೆ ಇಂದಿನ ಚಿಂತನೆ.

ಮೊನ್ನೆ ನಮ್ಮ ಗುಂಪಿನಲ್ಲಿ ತಂಗಿಯೊಬ್ಬಳು ತನ್ನ ಕರಿನಾಯಿಯ ಫೋಟೋ ಹಾಕಿ, "ಎಷ್ಟು ತೆಗೆದರೂ ಚೆನ್ನಾಗಿ ಬರ್ತಿಲ್ಲ, ಹೇಗೆ ತೆಗೆಯೋದು ಹೇಳಿ" ಎಂದು ಕೇಳಿದ್ದಳು. ಅದರ ಕೆಳಗೆ ಹಿರಿಯ ಉಪಾಸಕರೊಬ್ಬರು ಬರೆದರು: "ನಮ್ಮಜ್ಜನದು ಒಂದು ಫೋಟೋನೂ ಇಲ್ಲ. ನಾಯಿಗ್ಯಾಕಮ್ಮ ಫೋಟೋ?" ಗುಂಪು ಅವತ್ತು ಪೂರ್ತಿ ಸುಮ್ಮನಾಯಿತು.

ಹಿರಿಯರ ಮಾತು ಒರಟು, ಆದರೆ ಸುಳ್ಳಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಅಜ್ಜ ಅಜ್ಜಿಯರ ಮುಖ ಉಳಿದಿದೆ? ಯಾವುದೋ ಅರ್ಜಿಗೆ ಅಂಟಿಸಲು ತೆಗೆಸಿದ್ದ ಚಿಕ್ಕ ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿಕೊಂಡವರು ನಾವು. ನಾಯಿಯ ಹೆಸರು ಬಂದರೆ ಇನ್ನೂ ಹಳೆಯ ಗಾಯ ಕೆದರುತ್ತದೆ. ಮಹಾಡದ ಚವದಾರ ಕೆರೆಯ ನೀರಿಗೆ ದನಕ್ಕೂ ನಾಯಿಗೂ ಅಡ್ಡಿ ಇರಲಿಲ್ಲ, ನಮ್ಮವರಿಗೆ ಮಾತ್ರ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ಕೆರೆಗೆ ಇಳಿದು ನೀರು ಕುಡಿದದ್ದು ಬಾಯಾರಿಕೆಗಲ್ಲ ಎಂಬುದು ನಮಗೆಲ್ಲ ಗೊತ್ತು.

ಈಗ ಇನ್ನೊಂದು ಫೋಟೋ ನೆನಪು ಮಾಡಿಕೊಳ್ಳಿ. 1934ರ ಫೆಬ್ರುವರಿ, ಮುಂಬಯಿ ದಾದರಿನ ರಾಜಗೃಹ. ಮಗ ಯಶವಂತ, ಬಾಬಾಸಾಹೇಬರು, ರಮಾಯಿ, ಅತ್ತಿಗೆ ಲಕ್ಷ್ಮೀಬಾಯಿ, ಮುಕುಂದ. ಇವರ ಜೊತೆ ಟೋಬಿ, ಬಾಬಾಸಾಹೇಬರ ಮೆಚ್ಚಿನ ನಾಯಿ. ಮರುವರ್ಷ ಮೇ 27ಕ್ಕೆ ರಮಾಯಿ ತೀರಿಕೊಂಡರು. ಆ ಮನೆಯವರು ಒಟ್ಟಿಗೆ ಕಾಣುವ ಚಿತ್ರದಲ್ಲಿ ನಾಯಿಗೂ ಜಾಗವಿದೆ. ಚವದಾರ ಕೆರೆಯ ಅವಮಾನ ನಾಯಿ ಮಾಡಿದ್ದಲ್ಲ, ಮನುಷ್ಯರು ಮಾಡಿದ್ದು. ಲೆಕ್ಕ ಯಾರ ಹತ್ತಿರ ಕೇಳಬೇಕು ಎಂಬುದರಲ್ಲಿ ಬಾಬಾಸಾಹೇಬರಿಗೆ ಗೊಂದಲವಿರಲಿಲ್ಲ.

'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅವರು ಕರುಣೆಗೂ ಮೈತ್ರಿಗೂ ಗೆರೆ ಎಳೆಯುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಅಲ್ಲಿಗೇ ನಿಲ್ಲದೆ ಜೀವವಿರುವ ಎಲ್ಲದಕ್ಕೂ ಹರಡುವುದು ಮೈತ್ರಿ. ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದೂ ಇದನ್ನೇ ಹೇಳುತ್ತದೆ. (ಇದನ್ನು ಓದಿ ಯಾರೂ ಪಕ್ಕದವರ ತಟ್ಟೆಗೆ ಇಣುಕಬೇಕಿಲ್ಲ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಆಸೆ ಬೇರೆ ಎಂದು ಅದೇ ಗ್ರಂಥದಲ್ಲಿ ಅವರು ಬಿಡಿಸಿ ಹೇಳಿದ್ದಾರೆ. ದನದ ಹೆಸರಲ್ಲಿ ಮನುಷ್ಯರನ್ನು ಹೊಡೆಯುವವರ ದಯೆಗೂ ನಮ್ಮ ಮೈತ್ರಿಗೂ ಸಂಬಂಧವಿಲ್ಲ.)

ಇನ್ನು ತಂಗಿಯ ಪ್ರಶ್ನೆ. ನಾನು ಜಯಂತಿ, ಮದುವೆಗಳಲ್ಲಿ ಫೋಟೋ ತೆಗೆಯುವವನು, ಗೊತ್ತಿರುವಷ್ಟು ಹೇಳುತ್ತೇನೆ. ಮೊದಲು ನೆಲಕ್ಕೆ ಕೂರಮ್ಮ. ನಾವು ನಿಂತು ಮೇಲಿಂದ ತೆಗೆದರೆ ನಾಯಿ ತಲೆ ದೊಡ್ಡದು, ಕಾಲು ಗಿಡ್ಡವಾಗಿ ಕಾಣುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಫೋನು ಇಳಿಯಬೇಕು. ಮೇಲಿಂದ ನೋಡಿಸಿಕೊಳ್ಳುವುದು ಹೇಗಿರುತ್ತದೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಪರದೆಯ ಮೇಲೆ ಅದರ ಕಣ್ಣನ್ನು ಮುಟ್ಟು, ಫೋಕಸ್ ಅಲ್ಲಿ ನಿಲ್ಲುತ್ತದೆ. ಮೂಗು ಮಸುಕಾದರೂ ಪರವಾಗಿಲ್ಲ, ಕಣ್ಣು ಮಸುಕಾದರೆ ಫೋಟೋ ಹೋಯಿತು. ನಿನ್ನದು ಕರಿನಾಯಿ. ಬೆಳಕಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರೆ ಬರೀ ಕಪ್ಪು ನೆರಳು ಬರುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ ಅಥವಾ ಬಾಗಿಲ ಕಡೆ ಮುಖ ಮಾಡಿ ಕೂತಾಗ ತೆಗೆದರೆ ಕೂದಲಿನ ಹೊಳಪೂ ಕಾಣುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ನಾಯಿ ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸು ಎಸೆಯುವ ಪದರ ಇದೆ, ಅದರಿಂದಲೇ ಕಣ್ಣು ಹಸಿರಾಗಿ ಉರಿದಂತೆ ಬರುವುದು. ಜೊತೆಗೆ ಪ್ರಾಣಿ ಬೆಚ್ಚುತ್ತದೆ.

ಉಳಿದದ್ದೆಲ್ಲ ಕಾಯುವುದು. ನಾಯಿ ಪದೇ ಪದೇ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಮುಖ ತಿರುಗಿಸಿದರೆ ಅದಕ್ಕೆ ಇಷ್ಟವಿಲ್ಲದಿರಬಹುದು, ಫೋನು ಕೆಳಗಿಡು. ಎರಡನೇ ಶೀಲ ಕೊಡದಿರುವುದನ್ನು ತೆಗೆದುಕೊಳ್ಳಬಾರದು ಎನ್ನುತ್ತದೆ. ಫೋಟೋಕ್ಕೂ ನಾವು 'ತೆಗೆಯುವುದು' ಎಂದೇ ಅನ್ನುತ್ತೇವೆ, ಹುಡುಗರು 'ಹೊಡೆಯೋದು' ಎನ್ನುತ್ತಾರೆ. ಸಾಲಾಗಿ ಕಟ್ಟಿ, ಕನ್ನಡಕ ಹಾಕಿಸಿ, ಹೆದರಿದ ಮರಿಯನ್ನು ಎತ್ತಿ ಹಿಡಿದು ಲೈಕಿಗೆ ಹಾಕುವ ಫೋಟೋಗಳಿಗೆ ಆ ಮಾತೇ ಸರಿ. ಬಂಡೀಪುರದ ರಸ್ತೆಯಲ್ಲಿ ಗಾಡಿಯಿಂದ ಇಳಿದು ಆನೆಯ ಹತ್ತಿರ ಸೆಲ್ಫಿಗೆ ಓಡುವವರದೂ ಅದೇ ಜಾತಿ, ಜೀವಕ್ಕೂ ಅಪಾಯ.

ಸಿದ್ಧಾರ್ಥನನ್ನು ಗೆಳೆಯರು ಬೇಟೆಗೆ ಕರೆದಾಗ ಅವನು ಒಪ್ಪಲಿಲ್ಲ. ಕೊಲ್ಲಬೇಡ, ನಮ್ಮ ಗುರಿ ನೋಡಲಾದರೂ ಬಾ ಎಂದರು. ಅದಕ್ಕೂ ಹೋಗಲಿಲ್ಲ. ಯಾವುದನ್ನು ಹೇಗೆ ನೋಡುತ್ತೇವೆ ಎಂಬುದೂ ಅವನಿಗೆ ಕರ್ಮವೇ ಆಗಿತ್ತು ಎಂದು ನಾನು ಓದಿಕೊಳ್ಳುತ್ತೇನೆ.

ಹಿರಿಯರಿಗೆ ಒಂದು ಮನವಿ. ನಿಮ್ಮ ಅಜ್ಜನ ಮುಖ ತರಲು ನಮ್ಮಿಂದಾಗದು. ನಿಮ್ಮದನ್ನು ಉಳಿಸಬಹುದು. ಈ ಭಾನುವಾರ ವಂದನೆ ಮುಗಿದ ಮೇಲೆ ವಿಹಾರದ ಜಗುಲಿಯಲ್ಲಿ ಬೆಳಕು ಚೆನ್ನಾಗಿರುತ್ತದೆ, ಕ್ಯಾಮೆರಾ ತರುತ್ತೇನೆ. ಮನೆಯವರೆಲ್ಲರನ್ನೂ ಕರೆತನ್ನಿ. ತಂಗಿ, ನಿನ್ನ ಕರಿಯನನ್ನೂ ಕರೆದುಕೊಂಡು ಬಾ, ಹಗ್ಗ ಮರೆಯಬೇಡ.

ನಮೋ ಬುದ್ಧಾಯ. ಜೈ ಭೀಮ್.